ಮಕ್ಕಳ ಹಬ್ಬದ ಮರುದಿನಗಳು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು ಮಕ್ಕಳ ಹುಟ್ಟುಹಬ್ಬವನ್ನು ಆ ಸಾಲಿಗೆ ಸೇರಿಸಲಿಲ್ಲ. ಅವರ ಕಾಲದಲ್ಲಿ ಅದು ಅಷ್ಟು ದೊಡ್ಡ ಕಾರ್ಯವಾಗಿರಲೂ ಇಲ್ಲ. ಮಗುವಿಗೆ ಎಣ್ಣೆ ಹಚ್ಚಿ ನೀರೆರೆದು, ಹೊಸ ಬಟ್ಟೆ ತೊಡಿಸಿ, ಆರತಿ ಎತ್ತಿ, ಮನೆಮಂದಿಯೆಲ್ಲ ಪಾಯಸ ಉಂಡರೆ ಹಬ್ಬ ಮುಗಿಯುತ್ತಿತ್ತು. ಈಗ ಕಾಲ ಬೇರೆಯಾಗಿದೆ. ಕೇರಿಯ ಇಪ್ಪತ್ತು ಮಕ್ಕಳನ್ನು ಕರೆಯಬೇಕು. ಗೋಡೆಗೆ ಬಣ್ಣದ ಕಾಗದ, ತೊಲೆಗೆ ಬಲೂನು, ಮೇಜಿನ ಮೇಲೆ ಕೇಕು, ಅದರ ಮೇಲೆ ಮೇಣದ ಬತ್ತಿ. ಎರಡು ಮೂರು ಗಂಟೆಗಳ ಗದ್ದಲದ ನಂತರ ಮಕ್ಕಳು ತಂತಮ್ಮ ಮನೆಗಳಿಗೆ ಓಡುತ್ತಾರೆ. ಬಾಗಿಲು ಮುಚ್ಚಿಕೊಳ್ಳುತ್ತದೆ.

ಕೂಟವನ್ನು ಹೇಗೆ ನಡೆಸಬೇಕೆಂದು ಹೇಳಿಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ಬಾಗಿಲು ಮುಚ್ಚಿದ ಮೇಲೆ, ಮುಂದಿನ ಮೂರು ನಾಲ್ಕು ದಿನಗಳಲ್ಲಿ ಆ ಮನೆಯೊಳಗೆ ಏನು ನಡೆಯುತ್ತದೆಂಬುದನ್ನು ವಿಚಾರಿಸುವವರು ಕಡಿಮೆ. ಆ ದಿನಗಳೇ ಹೆಚ್ಚು ಮುಖ್ಯವೆಂದು ನಾನು ತಿಳಿದಿದ್ದೇನೆ. ಕನ್ನಡವು ಶಾಲೆಯಲ್ಲಿಯೂ ಬೀದಿಯಲ್ಲಿಯೂ ಇಲ್ಲದೆ ಮನೆಯ ನಾಲ್ಕು ಗೋಡೆಗಳೊಳಗೆ ಮಾತ್ರ ಬಾಳುತ್ತಿರುವ ಊರುಗಳಲ್ಲಂತೂ ಇನ್ನೂ ಹೆಚ್ಚು. ಅಂಥ ಒಂದು ಊರನ್ನು ಆರಿಸಿಕೊಂಡು ಈ ವಿಷಯವನ್ನು ವಿವರಿಸಲು ಯತ್ನಿಸುತ್ತೇನೆ.

ಊರಿನ ಹೆಸರು ಬೋಡಿಮೆಟ್ಟು. ತಮಿಳುನಾಡಿನ ತೇನಿ ಜಿಲ್ಲೆಯ ಬೋಡಿನಾಯಕನೂರಿನಿಂದ ಪಶ್ಚಿಮಘಟ್ಟವನ್ನೇರುವ ರಸ್ತೆಯು ೧೭ ಕಡಿದಾದ ತಿರುವುಗಳನ್ನು ಸುತ್ತಿ ಕೇರಳದ ಗಡಿಯನ್ನು ಮುಟ್ಟುವಲ್ಲಿ, ಸಮುದ್ರಮಟ್ಟದಿಂದ ನಾಲ್ಕು ಸಾವಿರ ಅಡಿಗಿಂತ ಎತ್ತರದಲ್ಲಿ, ಈ ಪುಟ್ಟ ನೆಲೆಯಿದೆ. ಕೆಳಗೆ ಬೋಡಿಯಲ್ಲಿ ಬೆವರು ಸುರಿಯುತ್ತಿದ್ದರೆ ಇಲ್ಲಿ ಕಂಬಳಿ ಹುಡುಕಬೇಕಾಗುತ್ತದೆ. ಆಚೆಗೆ ಇಳಿದರೆ ಪೂಪ್ಪಾರ, ಮುನ್ನಾರ್. ಸುತ್ತಲೂ ಏಲಕ್ಕಿಯ ತೋಟಗಳು. ಬೆಳೆದ ಏಲಕ್ಕಿ ಹರಾಜಾಗುವುದು ಕೆಳಗಿನ ಬೋಡಿಯಲ್ಲಿ. ತೋಟಗಳಿಗೆ ಕೆಲಸದ ಜನ ಬೆಳಗಾಗುವುದಕ್ಕೆ ಮುಂಚೆಯೇ ಜೀಪುಗಳಲ್ಲಿ ಹತ್ತಿ ಬರುವುದೂ ಆ ಕಡೆಯ ಊರುಗಳಿಂದಲೇ.

ಈ ತಮಿಳು ಸೀಮೆಯಲ್ಲಿ ಕನ್ನಡವೆಲ್ಲಿಂದ ಬಂತು ಎಂದು ವಿದ್ಯಾರ್ಥಿಗಳು ಕೇಳಬಹುದು. ಅದು ಇಂದು ನಿನ್ನೆ ಬಂದುದಲ್ಲ. ಬೋಡಿಯ ದಕ್ಷಿಣಕ್ಕಿರುವ ಕಂಬಂ ಕಣಿವೆಯಲ್ಲಿ ಒಕ್ಕಲಿಗರು, ಅನುಪ್ಪರು ಮೊದಲಾದ ಕನ್ನಡ ಮಾತಿನ ಬೇಸಾಯಗಾರರು ಅನೇಕ ತಲೆಮಾರುಗಳಿಂದ ನೆಲೆಸಿದ್ದಾರೆ. ದಿಂಡಿಗಲ್ ಕಡೆಯ ಚಿನ್ನಾಳಪಟ್ಟಿಯಲ್ಲಿ ನೇಯ್ಗೆಯ ದೇವಾಂಗರಿದ್ದಾರೆ. ಎಡ್ಗರ್ ಥರ್ಸ್ಟನ್ ಅವರು ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳನ್ನು ಕುರಿತು ೧೯೦೯ರಲ್ಲಿ ಏಳು ಸಂಪುಟಗಳಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೂ ಮದುರೆ, ತಿರುನೆಲ್ವೇಲಿ ಜಿಲ್ಲೆಗಳ ಕಾಪ್ಪಿಲಿಯರು ಕನ್ನಡವಾಡುವ ಒಕ್ಕಲುಮಕ್ಕಳೆಂದು ಹೇಳಿದೆ. ತುಂಗಭದ್ರೆಯ ಕಡೆಯಿಂದ ಹೊರಟು ಬಂದವರೆಂಬ ಐತಿಹ್ಯ ಅವರಲ್ಲಿದೆ. ಕಂಬಂ ಪಟ್ಟಣದಲ್ಲಿ ನಂದಗೋಪಾಲಸ್ವಾಮಿಯ ಹೆಸರಿನ ದನದ ದೊಡ್ಡಿಯೇ ಅವರಿಗೆ ಪೂಜ್ಯಸ್ಥಾನ. ಮಾಟ್ಟುಪ್ಪೊಂಗಲಿನ ದಿನ ಅಲ್ಲಿಯ ಎತ್ತು ಹಸುಗಳ ದರ್ಶನಕ್ಕೆ ಜನ ನೆರೆಯುತ್ತಾರೆ. ತಾಳವಾಡಿ, ಹೊಸೂರುಗಳಂತಹ ಗಡಿಯ ಊರುಗಳಲ್ಲಿ ಕನ್ನಡ ಶಾಲೆಗಳುಂಟು. ಗಡಿಯಿಂದ ಬಹುದೂರವಿರುವ ಈ ಕಣಿವೆಯ ಕನ್ನಡ ಮನೆಗಳ ಮಕ್ಕಳು ಸಾಮಾನ್ಯವಾಗಿ ಕಲಿಯುವುದು ತಮಿಳಿನಲ್ಲಿ. ಕನ್ನಡವು ಅವರಿಗೆ ಕಿವಿಯಿಂದ ಬಾಯಿಗೆ ಬಂದ ಭಾಷೆ. ಅಕ್ಷರದ ಆಸರೆ ಅದಕ್ಕಿಲ್ಲ.

ಇನ್ನು ವಾಚಕರು ಬೋಡಿಮೆಟ್ಟಿನಲ್ಲಿ ಒಂದು ಮನೆಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಲಿ. ತಂದೆಗೆ ಏಲಕ್ಕಿ ತೋಟದಲ್ಲಿ ಕೆಲಸ. ತಾಯಿ, ಎಂಟು ವರ್ಷದ ಮಗಳು, ನಾಲ್ಕು ವರ್ಷದ ಮಗ. ಅಜ್ಜಿ ಕೆಳಗೆ ಕಂಬಂನಲ್ಲಿ ಇರುವವಳು. ಘಟ್ಟದ ಚಳಿ ಮೊಣಕಾಲಿಗೆ ಆಗದೆಂದು ಹಬ್ಬದ ದಿನ ಬರಲಿಲ್ಲ, ನಾಲ್ಕನೆಯ ದಿನ ಬರುತ್ತೇನೆಂದು ಹೇಳಿ ಕಳುಹಿಸಿದ್ದಾಳೆ. ಸೋದರಮಾವ ಬೆಂಗಳೂರಿನಲ್ಲಿದ್ದಾನೆ, ಅವನ ಮಗಳು ನಿಮ್ಮಂತೆಯೇ ಕನ್ನಡ ಶಾಲೆಯ ವಿದ್ಯಾರ್ಥಿನಿ. ಅಕ್ಟೋಬರ್ ತಿಂಗಳು, ಏಲಕ್ಕಿ ಕೊಯ್ಲಿನ ಭರದ ಕಾಲ. ಹುಡುಗಿಯ ಹುಟ್ಟುಹಬ್ಬದ ಸಂಜೆ ತಂದೆಯೂ ಮನೆಯಲ್ಲಿಲ್ಲ. ಕೊಯ್ದ ಹಸಿಕಾಯಿಯನ್ನು ತಡಮಾಡದೆ ಒಣಗಿಸುವ ಮನೆಗೆ ಹಾಕಿ, ಒಂದು ಹಗಲು ಒಂದು ರಾತ್ರಿಯಷ್ಟು ಹೊತ್ತು ಹದವಾದ ಬಿಸಿಯಲ್ಲಿ ಕಾಯಬೇಕು. ಬಿಸಿ ಏರಿದರೆ ಹಸುರು ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಹರಾಜಿನಲ್ಲಿ ಬೆಲೆಯಿಲ್ಲ. ಸುಮಾರು ಐದು ಕಿಲೋ ಹಸಿಕಾಯಿ ಒಣಗಿದರೆ ಒಂದು ಕಿಲೋ ಏಲಕ್ಕಿ ಸಿಕ್ಕುತ್ತದೆ. ಆದುದರಿಂದ ಆ ರಾತ್ರಿ ಅವನ ಹಬ್ಬವೆಲ್ಲ ಒಲೆಯ ಮುಂದೆ.

ಮರುದಿನ ಬೆಳಿಗ್ಗೆ ಮಕ್ಕಳು ಏಳುವುದು ತಡ, ಎದ್ದ ಮೇಲೆ ಕಿರಿಕಿರಿ. ತಮ್ಮನು ಅಳುತ್ತಾನೆ, ಅಕ್ಕ ಸಿಡುಕುತ್ತಾಳೆ. ‘ನಿನ್ನೆ ತಿಂದ ಸಿಹಿಯ ಪ್ರಭಾವ’ ಎಂದು ನೆರೆಯಾಕೆ ಹೇಳಿ ಹೋಗುತ್ತಾಳೆ. ಈ ನಂಬಿಕೆ ಎಲ್ಲ ದೇಶಗಳಲ್ಲಿಯೂ ಇದೆ. ಆದರೆ ಪರೀಕ್ಷೆಗೆ ನಿಂತಿಲ್ಲ. ೧೯೯೪ರಲ್ಲಿ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಸ್ವಾರಸ್ಯವಾದ ಪ್ರಯೋಗ ಮಾಡಿದರು. ಐದರಿಂದ ಏಳು ವರ್ಷದ ಗಂಡುಮಕ್ಕಳಿಗೆಲ್ಲ ಸಕ್ಕರೆಯಿಲ್ಲದ ಪಾನಕವನ್ನೇ ಕೊಟ್ಟು, ಅರ್ಧದಷ್ಟು ತಾಯಂದಿರಿಗೆ ಮಾತ್ರ ‘ನಿಮ್ಮ ಮಗನಿಗೆ ಬಹಳ ಸಕ್ಕರೆ ಕೊಟ್ಟಿದ್ದೇವೆ’ ಎಂದು ಹೇಳಿದರು. ಆ ತಾಯಂದಿರಿಗೆ ತಮ್ಮ ಮಕ್ಕಳು ಹೆಚ್ಚು ಚೇಷ್ಟೆ ಮಾಡುತ್ತಿರುವಂತೆ ಕಂಡಿತು! ಸಕ್ಕರೆಯು ಹಲ್ಲಿಗೆ ಶತ್ರು, ಅದರಲ್ಲಿ ಸಂದೇಹವಿಲ್ಲ. ಮರುದಿನದ ಮುನಿಸಿಗೆ ಕಾರಣ ಮಾತ್ರ ನಿದ್ರೆಗೇಡು ಮತ್ತು ಉತ್ಸಾಹ ಇಳಿದ ಮೇಲಿನ ಬಳಲಿಕೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ ಒಂಬತ್ತರಿಂದ ಹನ್ನೆರಡು ಗಂಟೆಗಳ ನಿದ್ರೆ ಬೇಕೆಂದು ತಜ್ಞರು ಹೇಳುತ್ತಾರೆ. ಮಕ್ಕಳನ್ನು ಗದರಿಸುವುದಕ್ಕಿಂತ ಆ ಸಂಜೆ ಬೇಗ ಮಲಗಿಸುವುದು ಲೇಸು.

ಅಷ್ಟರಲ್ಲಿ ತಾಯಿ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಯ ಮುಂದೆ ಯೋಚಿಸುತ್ತಾ ನಿಂತಿದ್ದಾಳೆ. ತರಕಾರಿ ಹಾಕಿದ ಅನ್ನ ಅರ್ಧ ಪಾತ್ರೆ ಉಳಿದಿದೆ. ಅನ್ನವನ್ನು ಚೆಲ್ಲುವುದು ನಮ್ಮವರ ಕೈಗೆ ಬಾರದ ಕೆಲಸ. ಬೆಟ್ಟದ ಮೇಲೆ ಚಳಿಯಿದೆ, ಏನೂ ಕೆಡುವುದಿಲ್ಲವೆಂಬ ಧೈರ್ಯ ಬೇರೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಅಕ್ಕಿಯಲ್ಲಿ ಸಹಜವಾಗಿ ಇರುವ ಒಂದು ಬಗೆಯ ಸೂಕ್ಷ್ಮಜೀವಿಯ ಬೀಜಕಣಗಳು ಕುದಿಯುವ ನೀರಿನಲ್ಲಿಯೂ ಸಾಯುವುದಿಲ್ಲ. ಅನ್ನವು ಬೆಚ್ಚಗೆ ಹಲವು ಗಂಟೆ ಕುಳಿತರೆ ಅವು ಮೊಳೆತು ಬೆಳೆದು, ವಾಂತಿ ತರಿಸುವ ವಿಷವನ್ನು ಉಂಟುಮಾಡುತ್ತವೆ. ಆ ವಿಷವು ಮತ್ತೆ ಬಿಸಿಮಾಡಿದರೂ ಹೋಗದು. ಹೊರಗೆ ಚಳಿಯಿದ್ದರೇನಂತೆ, ಒಲೆಯ ಪಕ್ಕದಲ್ಲಿ ಮುಚ್ಚಿಟ್ಟ ದೊಡ್ಡ ಪಾತ್ರೆಯ ನಡುವಿನ ಅನ್ನವು ಬಹಳ ಹೊತ್ತು ಬೆಚ್ಚಗೇ ಇರುತ್ತದೆ. ‘ತಂಗಳನ್ನ ತಿಂದೇ ಬೆಳೆದವರು ನಾವು’ ಎಂದು ಹಿರಿಯರು ಆಕ್ಷೇಪಿಸಬಹುದು. ನಿಜ, ಆದರೆ ಅವರು ಬಿಳಿಯ ಅನ್ನಕ್ಕೆ ನೀರು ಹೊಯ್ದು ಇಡುತ್ತಿದ್ದರು. ಅದು ರಾತ್ರಿ ಹುಳಿಯೇರುತ್ತದೆ, ಹುಳಿಯು ಬೇರೆ ಜೀವಿಗಳ ಬೆಳವಣಿಗೆಯನ್ನು ತಡೆಯುತ್ತದೆ. ದೂರದ ಪ್ರಯಾಣಕ್ಕೆ ಹುಣಿಸೆಯ ಪುಳಿಯೋಗರೆಯನ್ನೇ ಕಟ್ಟಿಕೊಡುತ್ತಿದ್ದುದಕ್ಕೂ ಇದೇ ಕಾರಣ. ಎಣ್ಣೆ ಮಸಾಲೆಯ ತರಕಾರಿ ಅನ್ನಕ್ಕೆ ಈ ರಕ್ಷಣೆಯಿಲ್ಲ. ಕೂಟ ಮುಗಿದ ಕೂಡಲೇ ಅಗಲವಾದ ತಟ್ಟೆಗಳಲ್ಲಿ ಹರಡಿ ಆರಿಸಿ ತಂಪುಪೆಟ್ಟಿಗೆಗೆ ಸೇರಿಸಿದ್ದರೆ ಅದು ಊಟಕ್ಕೆ ಬಂದೀತು. ರಾತ್ರಿಯೆಲ್ಲ ಒಲೆಯ ಬಳಿ ಇದ್ದುದು ಗೊಬ್ಬರದ ಗುಂಡಿಗೆ ಹೋಗಲಿ. ಮಗುವಿನ ಹೊಟ್ಟೆಗಿಂತ ಅನ್ನ ಹೆಚ್ಚಿನದಲ್ಲ.

ಬಲೂನುಗಳ ಸಂಗತಿಯನ್ನೂ ಹೇಳಿಬಿಡುತ್ತೇನೆ. ಒಡೆದ ಬಲೂನಿನ ಚೂರನ್ನು ಚಿಕ್ಕ ಮಕ್ಕಳು ಬಾಯಿಗೆ ಹಾಕಿಕೊಂಡು ಚೀಪುವುದುಂಟು. ಅದು ಗಂಟಲಿನಲ್ಲಿ ಅಂಟಿಕೊಂಡರೆ ಉಸಿರು ಕಟ್ಟುತ್ತದೆ. ಕಸ ಗುಡಿಸುವಾಗ ಮೊದಲು ಆರಿಸಬೇಕಾದುದು ಅವನ್ನೇ.

ಮಧ್ಯಾಹ್ನ ಬಿಡುವಾದಾಗ ತಾಯಿ ಒಂದು ಹಳೆಯ ನೋಟುಬುಕ್ಕನ್ನು ತೆಗೆಯುತ್ತಾಳೆ. ಯಾರು ಏನು ಕೊಟ್ಟರೆಂಬ ಲೆಕ್ಕ ಬರೆಯಬೇಕು. ತಮಿಳರು ಇದನ್ನು ‘ಮೊಯ್’ ಎನ್ನುತ್ತಾರೆ, ನಾವು ‘ಮುಯ್ಯಿ’ ಎನ್ನುತ್ತೇವೆ. ಪದವೂ ಒಂದೇ, ಪದ್ಧತಿಯೂ ಒಂದೇ. ಇಂದು ಅವರು ಕೊಟ್ಟುದನ್ನು ನಾಳೆ ಅವರ ಮನೆಯ ಕಾರ್ಯಕ್ಕೆ ನಾವು ಹಿಂದಿರುಗಿಸಬೇಕು. ‘ಮುಯ್ಯಿ ತೀರಿಸು’ ಎಂದರೆ ಕನ್ನಡದಲ್ಲಿ ಸೇಡು ತೀರಿಸಿಕೊಳ್ಳುವುದೂ ಆಗುತ್ತದೆಂಬುದನ್ನು ನೆನೆದರೆ ನಗು ಬರುತ್ತದೆ. ಕೂಲಿಯಿಂದ ಬಾಳುವ ಮನೆಗೆ ಈ ಲೆಕ್ಕವು ಹಗುರವಾದುದಲ್ಲ. ಇಪ್ಪತ್ತು ಮಕ್ಕಳನ್ನು ಕರೆದರೆ ಇಪ್ಪತ್ತು ಹುಟ್ಟುಹಬ್ಬಗಳ ಸಾಲ ತಲೆಗೇರಿತೆಂದೇ ಅರ್ಥ. ಆದ್ದರಿಂದ ಆ ತಾಯಿ ಬರೆಯುತ್ತಾ ಬರೆಯುತ್ತಾ ಮುಂದಿನ ವರ್ಷ ಆರೇ ಮಕ್ಕಳನ್ನು ಕರೆಯುವುದೆಂದು ನಿಶ್ಚಯಿಸಿದರೆ ಅವಳನ್ನು ಜಿಪುಣಿಯೆಂದು ಯಾರೂ ಕರೆಯಬಾರದು.

ಲೆಕ್ಕ ಬರೆಯುವಾಗ ಮಗಳು ಪಕ್ಕದಲ್ಲಿ ಕುಳಿತಿರುವುದು ಒಳ್ಳೆಯದು. ಈ ಬಣ್ಣದ ಪೆಟ್ಟಿಗೆಯನ್ನು ಯಾರು ತಂದರು, ಈ ಒಂದೇ ಒಂದು ಪೆನ್ಸಿಲನ್ನು ಯಾರು ತಂದರು ಎಂದು ಅವಳೇ ಹೇಳಲಿ. ಪೆನ್ಸಿಲ್ ತಂದ ಹುಡುಗಿ ಅದನ್ನು ಯಾವ ಕಾಗದದಲ್ಲಿ ಸುತ್ತಿದ್ದಳು, ಕೊಡುವಾಗ ಏನು ಹೇಳಿದಳು ಎಂದು ತಾಯಿ ಕೇಳಲಿ. ಇಲ್ಲಿಂದ ನಾವು ನಮ್ಮ ಮುಖ್ಯ ವಿಷಯಕ್ಕೆ ಬರುತ್ತೇವೆ.

ಹಬ್ಬ ಮುಗಿದ ಮೇಲೆ ಮಗುವಿನ ಬಳಿ ಉಳಿಯುವುದು ಕಥೆ. ಕಂಡುದನ್ನು ಹೇಳಬೇಕೆಂಬ ಆತುರ ಮಕ್ಕಳಿಗೆ ಸಹಜ. ಅದನ್ನು ಕೇಳುವವರೊಬ್ಬರು ಬೇಕು. ಅದೂ ಹಬ್ಬದಲ್ಲಿ ಇಲ್ಲದಿದ್ದವರು. ಕಂಡವರಿಗೆ ಹೇಳುವುದರಲ್ಲಿ ಏನು ಸುಖವಿದೆ? ನಮ್ಮ ಹುಡುಗಿಗೆ ಮೊದಲನೆಯ ಶ್ರೋತೃವಾಗಿ ದೊರೆತವನು ತಂದೆ. ಮರುದಿನ ಮಧ್ಯಾಹ್ನದ ಮೇಲೆ, ಹೊಗೆಯ ಮತ್ತು ಏಲಕ್ಕಿಯ ವಾಸನೆಯನ್ನು ಹೊತ್ತುಕೊಂಡು ಕೆಂಪು ಕಣ್ಣಿನಿಂದ ಅವನು ಒಳಗೆ ಕಾಲಿಡುತ್ತಲೇ ಅವಳು ಆರಂಭಿಸಿದಳು. ಆರಂಭವಾದುದು ತಮಿಳಿನಲ್ಲಿ.

ಇದರಲ್ಲಿ ಅವಳ ತಪ್ಪೇನೂ ಇಲ್ಲ. ಬಂದ ಮಕ್ಕಳು ತಮಿಳರು, ಒಬ್ಬಿಬ್ಬರು ಮಲಯಾಳಿಗಳು. ಆಟ ನಡೆದುದು ತಮಿಳಿನಲ್ಲಿ, ಜಗಳ ನಡೆದುದು ತಮಿಳಿನಲ್ಲಿ, ನಕ್ಕದ್ದೂ ತಮಿಳಿನಲ್ಲಿ. ಯಾವ ಅನುಭವ ಯಾವ ಭಾಷೆಯಲ್ಲಿ ಆಯಿತೋ ಆ ಭಾಷೆಯಲ್ಲಿಯೇ ಅದು ಮೊದಲು ನಾಲಗೆಗೆ ಬರುತ್ತದೆ. ತಂದೆಯೂ ದಣಿದಿದ್ದಾನೆ, ದಿನವೆಲ್ಲ ತೋಟದಲ್ಲಿ ಆಡುವ ಮಾತು ತಮಿಳೇ. ಅವನು ‘ಅಪ್ಪಡಿಯಾ?’ ಎಂದು ಕೇಳಿ ಹಾಸಿಗೆಗೆ ಒರಗಿಬಿಟ್ಟರೆ ಯಾರು ತಾನೆ ಆಕ್ಷೇಪಿಸಬಲ್ಲರು?

ಮನೆಮಾತು ಕಳೆದುಹೋಗುವ ಬಗೆ ಇದೇ. ಇಂದಿನಿಂದ ಕನ್ನಡವಾಡುವುದಿಲ್ಲವೆಂದು ಯಾವ ಮನೆಯವರೂ ಸಭೆ ಸೇರಿ ತೀರ್ಮಾನಿಸುವುದಿಲ್ಲ. ದಣಿದ ಸಂಜೆಗಳಲ್ಲಿ ಸುಲಭವಾದ ಮಾತು ಮುಂದೆ ಬರುತ್ತದೆ, ಕಷ್ಟದ ಮಾತು ಹಿಂದೆ ಸರಿಯುತ್ತದೆ. ‘ಉಣ್ಣು, ಮಲಗು, ಬಾ, ಹೋಗು’ ಎಂಬಷ್ಟು ಕನ್ನಡ ಬಹುಕಾಲ ಉಳಿದೀತು. ಆದರೆ ನಿನ್ನೆ ನಡೆದುದನ್ನು ಮೊದಲಿನಿಂದ ಕೊನೆಯವರೆಗೆ ಹೇಳುವ ಕನ್ನಡ, ಯಾರಿಗೆ ಏಕೆ ಕೋಪ ಬಂತೆಂದು ವಿವರಿಸುವ ಕನ್ನಡ, ‘ಹಾಗೆ ಮಾಡದಿದ್ದರೆ ಹೀಗಾಗುತ್ತಿತ್ತು’ ಎನ್ನುವ ಕನ್ನಡ ಮೊದಲು ಹೋಗುತ್ತದೆ. ಕಥೆ ಹೇಳಲು ಬಾರದ ಭಾಷೆಯನ್ನು ಮಗು ಬೆಳೆದ ಮೇಲೆ ತನ್ನ ಮಕ್ಕಳೊಡನೆ ಆಡುವುದು ಹೇಗೆ? ತಮಿಳಿನ ಮೇಲೆ ನನಗೆ ಯಾವ ಮುನಿಸೂ ಇಲ್ಲವೆಂದು ಇಲ್ಲಿಯೇ ಹೇಳಿಬಿಡಬೇಕು. ಅದು ಆ ಮಕ್ಕಳಿಗೆ ವಿದ್ಯೆಯನ್ನೂ ಗೆಳೆತನವನ್ನೂ ಅನ್ನವನ್ನೂ ಕೊಡುವ ಭಾಷೆ.

ತಾಯಿಯಾದರೋ ಜಾಣೆ. ಅವಳು ‘ಕನ್ನಡದಲ್ಲಿ ಹೇಳು’ ಎಂದು ಮಗಳನ್ನು ತಡೆಯಲಿಲ್ಲ; ಹಾಗೆ ತಡೆದರೆ ಕಥೆಯೇ ನಿಂತುಹೋಗುತ್ತದೆ. ಒಲೆಯ ಬಳಿಯಿಂದಲೇ ಕನ್ನಡದಲ್ಲಿ ಒಂದು ಪ್ರಶ್ನೆ ಎಸೆದಳು: ‘ಬಲೂನು ಒಡೆದಾಗ ತಮ್ಮ ಎಲ್ಲಿ ಬಚ್ಚಿಟ್ಟುಕೊಂಡ?’ ಹುಡುಗಿ ನಕ್ಕು ‘ಮಂಚದ ಕೆಳಗೆ’ ಎಂದಳು. ‘ಅವನನ್ನು ಹೊರಗೆ ಎಳೆದವರು ಯಾರು?’ ಎಂದು ಮತ್ತೆ ಕೇಳಿದಳು. ನಾಲ್ಕು ಪ್ರಶ್ನೆಗಳಾಗುವಷ್ಟರಲ್ಲಿ ಕಥೆ ಕನ್ನಡದ ಹಳಿಯ ಮೇಲೆ ಉರುಳುತ್ತಿತ್ತು.

ಇದು ಕೇವಲ ಭಾಷೆಯ ಉಪಾಯವಲ್ಲ. ಎಲೇನ್ ರೀಸ್, ಕ್ಯಾಥರೀನ್ ಹೇಡನ್, ರಾಬಿನ್ ಫೈವುಶ್ ಎಂಬ ವಿದುಷಿಯರು ಅಮೆರಿಕದಲ್ಲಿ ತಾಯಿ ಮಕ್ಕಳು ಕಳೆದುಹೋದ ಸಂಗತಿಗಳನ್ನು ಕುರಿತು ಆಡುವ ಮಾತುಗಳನ್ನು, ಮಗುವಿಗೆ ಮೂರು ವರ್ಷ ದಾಟಿದಂದಿನಿಂದ ಆರರ ಸಮೀಪದವರೆಗೆ, ಮತ್ತೆ ಮತ್ತೆ ಕೇಳಿ ಪರಿಶೀಲಿಸಿ ೧೯೯೩ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕೆಲವು ತಾಯಂದಿರು ಒಂದೇ ಪ್ರಶ್ನೆಯನ್ನು ತಿರುತಿರುಗಿ ಕೇಳಿ ಸರಿಯಾದ ಉತ್ತರಕ್ಕೆ ಕಾಯುತ್ತಾರೆ, ಪರೀಕ್ಷಕರಂತೆ. ಇನ್ನು ಕೆಲವರು ಮಗುವಿನ ಅರ್ಧ ಮಾತಿಗೆ ತಾವೊಂದು ವಿವರ ಸೇರಿಸಿ, ಮತ್ತೊಂದು ಪ್ರಶ್ನೆ ಹಾಕಿ, ಇಬ್ಬರೂ ಕೂಡಿ ಕಥೆ ಕಟ್ಟುತ್ತಾರೆ. ಈ ಎರಡನೆಯ ಬಗೆಯ ತಾಯಂದಿರ ಮಕ್ಕಳು ಕಾಲಾನಂತರದಲ್ಲಿ ಹಿಂದಿನದನ್ನು ಹೆಚ್ಚು ಸಮೃದ್ಧವಾಗಿ ನೆನೆದು ಹೇಳಬಲ್ಲವರಾದರು. ನೆನಪೆಂಬುದು ಪೆಟ್ಟಿಗೆಯಲ್ಲಿ ಇಟ್ಟ ವಸ್ತುವಿನಂತಲ್ಲ. ಹೇಳಿದಷ್ಟೂ ಆಕಾರ ಪಡೆಯುತ್ತದೆ. ಹೇಳದೆ ಬಿಟ್ಟರೆ ಕರಗುತ್ತದೆ. ಕರಗುವಿಕೆ ಮೊದಲ ಒಂದೆರಡು ದಿನಗಳಲ್ಲಿಯೇ ಅತಿ ತೀವ್ರವೆಂದು ಜರ್ಮನಿಯ ಎಬಿಂಗ್‌ಹೌಸ್ ೧೮೮೫ರಲ್ಲಿಯೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು ತೋರಿಸಿದನು. ಹಬ್ಬದ ಮರುದಿನಗಳಿಗೆ ಬೆಲೆ ಬಂದುದು ಇದರಿಂದ. ಕೈಯಲ್ಲಿ ದೂರವಾಣಿ ಹಿಡಿದು ನೂರು ಚಿತ್ರ ತೆಗೆದಿದ್ದೇವಲ್ಲ ಎಂದು ತಂದೆಯಂದಿರು ಹೇಳಬಹುದು. ಚಿತ್ರವನ್ನು ಬೆರಳಿನಿಂದ ಸರಿಸುತ್ತಾ ಹೋದರೆ ಯಾರೂ ಏನನ್ನೂ ಹೇಳಬೇಕಾಗುವುದಿಲ್ಲ, ಅದೇ ಅದರ ತೊಡಕು. ಒಂದೇ ಚಿತ್ರವನ್ನು ನಿಲ್ಲಿಸಿ ‘ಇದಕ್ಕೆ ಮುಂಚೆ ಏನಾಯಿತು?’ ಎಂದು ಕೇಳಿದರೆ ಉಪಕಾರವಾಗುತ್ತದೆ.

ಎರಡನೆಯ ದಿನ ಅಕ್ಕ ತಮ್ಮನಿಗೆ ಹೊಸದೊಂದು ಆಟ ಸಿಕ್ಕಿತು. ಹಬ್ಬದ ದಿನ ಕಣ್ಣುಮುಚ್ಚಾಲೆಯಲ್ಲಿ ಹತ್ತರವರೆಗೆ ಎಣಿಸಿದುದು ತಮಿಳಿನಲ್ಲಿ. ಕೊನೆಯ ಎಣಿಕೆ ‘ಪತ್ತು’. ಮನೆಯಲ್ಲಿ ‘ಹತ್ತು’. ತಮ್ಮ ಎರಡನ್ನೂ ಹೇಳಿ ನೋಡಿ ನಕ್ಕನು. ಆಗ ಅಕ್ಕ ಹಬ್ಬದ ವಸ್ತುಗಳನ್ನೆಲ್ಲ ಸಾಲಾಗಿ ಹಿಡಿದಳು: ಅಲ್ಲಿ ಪಾಲ್, ಇಲ್ಲಿ ಹಾಲು, ಅಲ್ಲಿ ಪೂ, ಇಲ್ಲಿ ಹೂ, ಸಿಹಿ ತಿಂದ ಪಲ್ ಇಲ್ಲಿ ಹಲ್ಲು, ಗೋಡೆಗೆ ಅಂಟಿಸಿದ ಚಿತ್ರದ ಪುಲಿ ಇಲ್ಲಿ ಹುಲಿ. ವಿದ್ಯಾರ್ಥಿ ಮಿತ್ರರು ಇದನ್ನು ತಮ್ಮ ವ್ಯಾಕರಣ ಪಾಠದೊಡನೆ ಹೋಲಿಸಿ ನೋಡಬೇಕು. ಹಳಗನ್ನಡದಲ್ಲಿ ನಾವೂ ಪಾಲ್, ಪೂ, ಪುಲಿ ಎಂದೇ ಹೇಳುತ್ತಿದ್ದೆವು. ನಡುಗನ್ನಡದ ಕಾಲಕ್ಕೆ ಪದದ ಮೊದಲಿನ ಪಕಾರವು ಹಕಾರವಾಯಿತು. ತಮಿಳು ಹಳೆಯ ಪಕಾರವನ್ನೇ ಕಾಪಾಡಿಕೊಂಡಿತು. ಹಾಗೆಯೇ ಅವರ ‘ವಾ’ ನಮ್ಮ ‘ಬಾ’, ಅವರ ‘ವಿರಲ್’ ನಮ್ಮ ‘ಬೆರಳು’. ಇನ್ನೊಂದು ಕಡೆ ಹಳೆಯದನ್ನು ಉಳಿಸಿಕೊಂಡವರು ನಾವು: ನಮ್ಮ ‘ಕಿವಿ’ ಅವರಲ್ಲಿ ‘ಚೆವಿ’, ನಮ್ಮ ‘ಕೇರಿ’ ಅವರಲ್ಲಿ ‘ಚೇರಿ’ ಆಗಿದೆ. ದೊಡ್ಡ ವಿದ್ವಾಂಸರು ಗ್ರಂಥಗಳಲ್ಲಿ ನಿರೂಪಿಸುವ ಈ ಸೂತ್ರಗಳನ್ನು ಎರಡು ಭಾಷೆಗಳ ನಡುವೆ ಬಾಳುವ ಎಂಟು ವರ್ಷದ ಹುಡುಗಿ ಮಿಕ್ಕ ಕೇಕಿನ ತುಂಡನ್ನು ತಿನ್ನುತ್ತಾ ಕಂಡುಕೊಳ್ಳಬಲ್ಲಳು. ಎರಡು ಭಾಷೆ ಮಗುವಿಗೆ ಹೊರೆಯೆನ್ನುವವರು ಈ ಆಟವನ್ನು ನೋಡಿಲ್ಲ.

ಮೂರನೆಯ ದಿನ ಕಾಗದ ಬರೆಯುವ ದಿನ. ಬೆಂಗಳೂರಿನ ಮಾವ ಗಾಳಿ ತುಂಬುವ ದೊಡ್ಡ ಬಲೂನನ್ನೂ ಒಂದು ಅಂಗಿಯನ್ನೂ ಕಳುಹಿಸಿದ್ದನು. ಉಡುಗೊರೆ ಕೊಟ್ಟವರಿಗೆ ನಾಲ್ಕು ಸಾಲು ಬರೆಯುವುದು ಸಭ್ಯತೆ. ಮಾವನೊಡನೆ ಆಡುವ ಮಾತು ಕನ್ನಡ, ಹುಡುಗಿಗೆ ಬರುವ ಅಕ್ಷರ ತಮಿಳು. ಅವಳು ಅಂಜದೆ ಕನ್ನಡವನ್ನು ತಮಿಳು ಅಕ್ಷರಗಳಲ್ಲಿ ಬರೆದಳು. ತಮಿಳು ಲಿಪಿಯಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಪ, ಫ, ಬ, ಭಗಳಿಗೂ ಹಾಗೆಯೇ. ತಮಿಳಿಗೆ ಅಷ್ಟು ಸಾಕು. ಪದದಲ್ಲಿ ಅಕ್ಷರ ಇರುವ ಸ್ಥಾನದಿಂದಲೇ ಅದರ ಧ್ವನಿ ಬಹುಮಟ್ಟಿಗೆ ತಿಳಿಯುತ್ತದೆ. ಕನ್ನಡಕ್ಕೆ ಸಾಲದು. ‘ಬಲೂನಿನಿಂದ ಗಾಳಿ ಹೋಯಿತು’ ಎಂದು ಹುಡುಗಿ ಬರೆದುದನ್ನು ಬೆಂಗಳೂರಿನಲ್ಲಿ ಮಾವ ತನ್ನ ಮಗಳಿಗೆ ಗಟ್ಟಿಯಾಗಿ ಓದಿ ಹೇಳಿದಾಗ ‘ಬಲೂನಿನಿಂದ ಕಾಳಿ ಹೋಯಿತು’ ಎಂದಾಯಿತು! ಬಲೂನಿನಲ್ಲಿ ಕಾಳಿದೇವಿ ಕುಳಿತಿದ್ದುದೇಕೆಂದು ಆ ಕನ್ನಡ ಶಾಲೆಯ ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಒಂದು ಹಾಳೆಯಲ್ಲಿ ‘ಕಾಳಿ’ ಎಂದೂ ‘ಗಾಳಿ’ ಎಂದೂ ದಪ್ಪಕ್ಷರದಲ್ಲಿ ಬರೆದು, ಪಕ್ಕದಲ್ಲಿ ಒಂದು ಬಲೂನಿನ ಚಿತ್ರ ಹಾಕಿ, ಅಂಚೆಗೆ ಹಾಕಿದಳು.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸಬೇಕೆಂದು ನಮ್ಮ ಸಂವಿಧಾನದ ೩೫೦ಎ ವಿಧಿ ಹೇಳುತ್ತದೆ. ಭಾಷಾವಾರು ಪ್ರಾಂತ್ಯಗಳು ರಚಿತವಾದ ೧೯೫೬ರಲ್ಲಿಯೇ ಅದನ್ನು ಸೇರಿಸಲಾಯಿತು. ವಿಧಿ ದೊಡ್ಡದು. ಆದರೆ ಬೆಟ್ಟದ ತುದಿಯ ಮೂರು ನಾಲ್ಕು ಮನೆಗಳಿಗೊಂದು ಶಾಲೆ ಎಂದಿಗೂ ಬರಲಾರದು. ಅಲ್ಲಿಗೆ ಅಕ್ಷರ ಹೋಗಬೇಕಾದರೆ ಸೋದರಮಾವನ ಮಗಳ ಅಂಚೆಯಲ್ಲಿಯೇ ಹೋಗಬೇಕು. ಈ ಪತ್ರಿಕೆಯನ್ನು ಓದುವ ಮಕ್ಕಳಲ್ಲಿ ಯಾರಿಗಾದರೂ ದೂರದ ಊರಿನಲ್ಲಿ ಅಂಥ ಬಂಧುವಿದ್ದರೆ, ಒಂದು ವರ್ಣಮಾಲೆಯ ಹಾಳೆಗೆ ತಗಲುವ ವೆಚ್ಚವೆಷ್ಟು?

ನಾಲ್ಕನೆಯ ದಿನ ಅಜ್ಜಿ ಬಂದಳು. ಕಂಬಂನಿಂದ ಬೋಡಿಗೆ ಒಂದು ಬಸ್ಸು, ಬೋಡಿಯಿಂದ ಘಟ್ಟಕ್ಕೆ ಇನ್ನೊಂದು. ಹದಿನೇಳು ತಿರುವುಗಳು ತಲೆ ಸುತ್ತಿಸಿದ್ದವು. ಬಂದವಳೇ ಕಂಬಳಿ ಹೊದ್ದು ಕುಳಿತು, ಬಿಸಿ ಕಾಫಿ ಕುಡಿದು, ‘ಈಗ ಹೇಳು’ ಎಂದಳು. ಅಜ್ಜಿಗೆ ತಮಿಳು ಚೆನ್ನಾಗಿಯೇ ಬರುತ್ತದೆ. ಎಪ್ಪತ್ತು ವರ್ಷ ಆ ಸಂತೆಯಲ್ಲಿ ವ್ಯಾಪಾರ ಮಾಡಿದವಳು. ಆದರೆ ಮೊಮ್ಮಕ್ಕಳ ಮುಂದೆ ಅದು ಅವಳಿಗೆ ಕೇಳಿಸುವುದೇ ಇಲ್ಲ. ಹುಡುಗಿ ಎಲ್ಲಿಯಾದರೂ ತಮಿಳು ಪದಕ್ಕೆ ಜಾರಿದರೆ ಅಜ್ಜಿ ತಿದ್ದುವುದಿಲ್ಲ, ಗದರುವುದಿಲ್ಲ. ಕಿವಿಗೆ ಕೈಯಿಟ್ಟು ‘ಏನಂದೆ?’ ಎನ್ನುತ್ತಾಳೆ. ಕಿವಿಯ ದೋಷವೆಂದು ಮಕ್ಕಳು ನಂಬಿದ್ದಾರೆ.

ಕಥೆ ಈಗ ಮೊದಲನೆಯ ದಿನದಂತಿಲ್ಲ. ತಂದೆಗೆ ಹೇಳಿ, ತಾಯಿಯ ಪ್ರಶ್ನೆಗಳಿಗೆ ಉತ್ತರಿಸಿ, ಮಾವನಿಗೆ ಬರೆದು ಆದ ಮೇಲೆ ಅದಕ್ಕೊಂದು ಕ್ರಮ ಬಂದಿದೆ. ಬಲೂನು ಒಡೆದುದು ಈಗ ಕೊನೆಗೆ ಬರುತ್ತದೆ, ಏಕೆಂದರೆ ಎಲ್ಲರೂ ನಗುವುದು ಅಲ್ಲಿ ಎಂದು ಅವಳಿಗೆ ತಿಳಿದಿದೆ. ಪೆನ್ಸಿಲ್ ತಂದ ಹುಡುಗಿಯ ಸಂಗತಿಯೂ ಸೇರಿಕೊಂಡಿದೆ: ಅವಳು ಬಾಗಿಲ ಬಳಿಯೇ ನಿಂತುಬಿಟ್ಟಿದ್ದಳು, ಒಳಗೆ ಬರಲು ನಾಚುತ್ತಿದ್ದಳು, ಕೈ ಹಿಡಿದು ಕರೆತಂದೆ ಎಂದು. ಮೊದಲನೆಯ ದಿನದ ಕಥೆಯಲ್ಲಿ ಈ ಹುಡುಗಿಯೇ ಇರಲಿಲ್ಲ. ತಮ್ಮನೂ ನಡುನಡುವೆ ಬಾಯಿ ಹಾಕಿ ತಾನು ಹೆದರಲಿಲ್ಲವೆಂದು ಸಾಧಿಸುತ್ತಾನೆ. ಅಜ್ಜಿ ‘ಬಾಗಿಲಲ್ಲಿ ನಿಂತ ಹುಡುಗಿಗೆ ಉಣ್ಣಲು ಏನು ಕೊಟ್ಟಿರಿ?’ ಎಂದು ಕೇಳಿದಳು. ಹುಡುಗಿ ಸ್ವಲ್ಪ ಹೊತ್ತು ಯೋಚಿಸಿದಳು. ಕೇಸರಿಬಾತು ಮುಗಿದುಹೋಗಿತ್ತು, ಅವಳಿಗೆ ಸಿಕ್ಕಿರಲಿಲ್ಲ ಎಂದು ಆಗ ನೆನಪಾಯಿತು. ಅಡುಗೆಮನೆಯಲ್ಲಿ ತಾಯಿಯ ಕೈಯೂ ಒಂದು ಕ್ಷಣ ನಿಂತಿತು.

ಹಬ್ಬ ಮುಗಿದರೂ ಒಂದು ಕೆಲಸ ಉಳಿದಿರುತ್ತದೆ; ಎರವಲು ತಂದ ಪಾತ್ರೆಗಳನ್ನು ಹಿಂದಿರುಗಿಸುವುದು. ಬರಿದಾದ ಪಾತ್ರೆಯನ್ನು ಕೊಡಬಾರದೆಂಬುದು ನಮ್ಮ ಮನೆಗಳ ಪದ್ಧತಿ. ದೊಡ್ಡ ಪಾತ್ರೆ ಪೆನ್ಸಿಲ್ ತಂದ ಹುಡುಗಿಯ ಮನೆಯದೇ ಆಗಿತ್ತು. ಅಂದು ಸಂಜೆ ತಾಯಿ ಮತ್ತೆ ರವೆ ಹುರಿದಳು. ತಂದೆ ತನ್ನ ಪಾಲಿಗೆ ದೊರೆತಿದ್ದ ಏಲಕ್ಕಿಯಲ್ಲಿ ನಾಲ್ಕು ಕಾಯಿ ಬಿಡಿಸಿ ಕೊಟ್ಟನು. ಬಿಸಿ ಕೇಸರಿಬಾತು ತಳದಲ್ಲಿ ತುಂಬಿದ ಆ ಪಾತ್ರೆಯನ್ನು ಅಕ್ಕ ತಮ್ಮ ಎರಡು ಕಡೆ ಹಿಡಿದುಕೊಂಡು ಮಂಜು ಇಳಿಯುತ್ತಿದ್ದ ರಸ್ತೆಯನ್ನು ದಾಟಿದರು. ಆ ಮನೆಯ ಜಗಲಿಯ ಮೇಲೆ ಕುಳಿತು, ಬಾಗಿಲ ಬಳಿ ನಿಂತಿದ್ದ ಹುಡುಗಿಯ ಕಥೆಯನ್ನು ಆ ಹುಡುಗಿಗೇ, ಅವಳ ಪಾಟಿಗೂ ಕೇಳಿಸುವಂತೆ, ಅಕ್ಕ ಮೊದಲಿನಿಂದ ಹೇಳತೊಡಗಿದಳು. ಈ ಸಲ ತಮಿಳಿನಲ್ಲಿ.